ಹೆಸರು ಯಾರದು, ಸಹಿ ಯಾರದು
ಮುಂಬೈನ ಕಟ್ಟಡೋದ್ಯಮಿ ಸಹೋದರರಾದ ಅಭಿಷೇಕ್ ಮತ್ತು ಅಭಿನಂದನ್ ಲೋಧಾ ನಡುವೆ, 'ಲೋಧಾ' ಹೆಸರನ್ನು ಯಾರು ಬಳಸಬಹುದೆಂದು ಎದ್ದ ವ್ಯಾಜ್ಯವನ್ನು ಅದರ ಕುರಿತ ಲೇಖನವೊಂದು ಬರೀ ಕುಟುಂಬ ಕಲಹವೆಂಬಂತೆ ನೋಡಿದೆ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿದ, 5,000 ಕೋಟಿ ರೂಪಾಯಿ ಪರಿಹಾರ ಕೋರಿದ್ದ ಆ ದಾವೆ, ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮಧ್ಯಸ್ಥಿಕೆಯ ನಂತರ ಏಪ್ರಿಲ್‌ನಲ್ಲಿ ರಾಜಿಯಾಗಿ, 'ಲೋಧಾ', 'ಲೋಧಾ ಗ್ರೂಪ್' ಹೆಸರುಗಳು ಅಣ್ಣ ಅಭಿಷೇಕ್ ಅವರ ಕಂಪನಿಗೂ, 'ಹೌಸ್ ಆಫ್ ಅಭಿನಂದನ್ ಲೋಧಾ' ಎಂಬುದು ತಮ್ಮನಿಗೂ ಉಳಿದವು. ಸ್ವಂತ ಹೆಸರಿನ ಪ್ರಾಮಾಣಿಕ ಬಳಕೆಗೆ ಟ್ರೇಡ್‌ಮಾರ್ಕ್ ಕಾಯ್ದೆಯ 35ನೇ ಸೆಕ್ಷನ್ ನೀಡುವ ರಕ್ಷಣೆ ಕಟ್ಟಡ ವ್ಯವಹಾರದಲ್ಲಿ ಎಲ್ಲಿಯವರೆಗೆ ಸಲ್ಲುತ್ತದೆಂಬುದರ ಮೇಲೆ ತೀರ್ಪೊಂದು ಬಂದಿದ್ದರೆ ಒಳ್ಳೆಯದಿತ್ತು. ಎರಡೂ ಕಡೆಯ ಹೆಸರಿನಲ್ಲಿ 'ಲೋಧಾ' ಉಳಿದಿರುವುದರಿಂದ, ಮುಂಬೈ ಬಳಿಯ ಡೊಂಬಿವಲಿ, ಥಾಣೆಗಳಲ್ಲಿ ಮನೆ ಹುಡುಕುವ ನಮ್ಮವರು ಫಲಕದ ದೊಡ್ಡಕ್ಷರವನ್ನು ನಂಬದೆ, ಜಾಹೀರಾತಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಮಹಾರೇರಾ (ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಪುಟದಲ್ಲಿರುವ ಪ್ರವರ್ತಕ ಕಂಪನಿಯ ಪೂರ್ಣ ಹೆಸರನ್ನು ಮಾರಾಟ ಒಪ್ಪಂದದೊಂದಿಗೆ ತಾಳೆ ನೋಡುವುದು ಕ್ಷೇಮ.