ಆನೆಯ ಪೈಸೆಗೆ ಹುಣಸೆಹುಳಿ

ಕೋಪ ಇನ್ನೂ ಇಳಿದಿಲ್ಲ. ಉದ್ದ ಬರೆಯುತ್ತೇನೆ, ಪುರುಸೊತ್ತಿದ್ದವರು ಓದಿ.

ನಿನ್ನೆ ಬೆಂಗಳೂರಿನ ಒಂದು ನಾಣ್ಯಮೇಳಕ್ಕೆ ಹೋಗಿದ್ದೆ. ಟಿಪ್ಪು ಸುಲ್ತಾನನ ಆನೆ ಪೈಸೆ, ಅಂದರೆ ಆನೆಯ ಚಿತ್ರವಿರುವ ತಾಮ್ರದ ನಾಣ್ಯ, ಎಲ್ಲಿ ಕಂಡರೂ ನನ್ನ ಕಾಲು ಅಲ್ಲೇ ನಿಲ್ಲುತ್ತದೆ ಅನ್ನುವುದು ನಿಮಗೆಲ್ಲ ಗೊತ್ತಿದ್ದದ್ದೇ. ಒಬ್ಬ ಡೀಲರ್ ಟೇಬಲ್ ಮೇಲೆ ಟ್ರೇ ತುಂಬ ಅವೇ. ಅಷ್ಟಕ್ಕೆ ಅಷ್ಟೂ ಈಗ ತಾನೇ ಅಂಗಡಿಯಿಂದ ತಂದ ತಾಮ್ರದ ಚೊಂಬಿನ ಹಾಗೆ ಥಳಥಳ ಹೊಳೆಯುತ್ತಿದ್ದವು. ಇನ್ನೂರು ವರ್ಷ ದಾಟಿದ ತಾಮ್ರ ಆ ಬಣ್ಣದಲ್ಲಿ ಇರಲು ಸಾಧ್ಯವೇ ಇಲ್ಲ. ಒಂದನ್ನು ಎತ್ತಿ ಭೂತಗನ್ನಡಿ ಹಿಡಿದೆ. ಆನೆಯ ಹೊಟ್ಟೆಯ ಮೇಲೆ, ಬೆನ್ನಿನ ಮೇಲೆ, ಸುತ್ತಲಿನ ಖಾಲಿ ಜಾಗದ ಉದ್ದಗಲಕ್ಕೂ ಒಂದೇ ದಿಕ್ಕಿಗೆ ಎಳೆದ ನೂರಾರು ಸಣ್ಣ ಗೀರುಗಳು. ತಂತಿ ಬ್ರಷ್ಷಿನ ಗುರುತು. ಸೊಂಡಿಲು ಉಳಿದಿದೆ, ಬಾಲ ಉಳಿದಿದೆ, ಆನೆಯ ಮೇಲಿರಬೇಕಾದ ಇಸವಿಯ ನಾಲ್ಕು ಅಂಕಿಗಳಲ್ಲಿ ಎರಡು ಮಾಯ. ತಿರುಗಿಸಿದರೆ, ಶ್ರೀರಂಗಪಟ್ಟಣದ ಟಂಕಸಾಲೆಯ ಹೆಸರು 'ಪಟನ್' ಅರ್ಧ ಮಾತ್ರ ಓದಲು ಬರುತ್ತದೆ. ಅಂಚಿನ ಚುಕ್ಕೆಗಳ ನಡುವೆ, ಬ್ರಷ್ ಹೋಗದ ಸಂದಿಯಲ್ಲಿ, ಒಂದಿಷ್ಟು ಕಡುಗಂದು ಬಣ್ಣ ಉಳಿದುಕೊಂಡಿತ್ತು. ಇಡೀ ನಾಣ್ಯ ನಿನ್ನೆ ಮೊನ್ನೆಯವರೆಗೂ ಆ ಬಣ್ಣದಲ್ಲೇ ಇತ್ತು ಅನ್ನುವುದಕ್ಕೆ ಅದೊಂದೇ ಸಾಕ್ಷಿ.

"ಶೈನಿಂಗ್ ನೋಡಿ ಮೇಡಂ, ಈ ಥರ ಪೀಸ್ ಬೇರೆ ಟೇಬಲಲ್ಲಿ ಸಿಗಲ್ಲ" ಅಂದರು ಡೀಲರ್.

ಏನು ಹಾಕಿ ತೊಳೆದಿರಿ ಅಂತ ಕೇಳಿದೆ. ಹುಣಸೆಹಣ್ಣು, ಉಪ್ಪು, ಆಮೇಲೆ ಬ್ರಷ್. ಆಸಿಡ್ ಮಾತ್ರ ಮುಟ್ಟಲ್ಲ ಮೇಡಂ ಅಂತ ಭರವಸೆ ಬೇರೆ. ಹುಣಸೆಹಣ್ಣಿನಲ್ಲಿ ಇರುವುದು ಟಾರ್ಟಾರಿಕ್ ಆಮ್ಲ. ಅದೂ ಆಸಿಡ್ಡೇ. ನಾನು ದನಿ ಏರಿಸಿದೆ, ಅಕ್ಕಪಕ್ಕದವರು ತಿರುಗಿ ನೋಡಿದರು. ನೋಡಲಿ. ಅಷ್ಟು ನಾಣ್ಯ ಒಟ್ಟಿಗೆ ಹಾಳಾದದ್ದನ್ನು ಕಂಡು ಮೆಲ್ಲಗೆ ಮಾತಾಡಲು ನನಗೆ ಬರುವುದಿಲ್ಲ.

ಇಷ್ಟು ಕೋಪ ಯಾಕೆ ಅಂತ ಕೇಳುವವರಿಗೆ ಹೇಳಬೇಕು. ಟಿಪ್ಪು ತನ್ನ ನಾಣ್ಯಗಳಿಗೆ ಮೊದಲು ಹಿಜರಿ ಇಸವಿ ಹಾಕಿಸುತ್ತಿದ್ದ. ಆಮೇಲೆ ಮೌಲೂದಿ ಅನ್ನುವ ಬೇರೆ ಲೆಕ್ಕವನ್ನು ತಂದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1222 ಅಂತ ಇರಬೇಕಾದದ್ದು ನಮ್ಮ ಕಣ್ಣಿಗೆ 2221 ಅಂತ ಕಾಣುತ್ತದೆ. ಈ ಇಸವಿಗಳು 1215ರಿಂದ 1227ರವರೆಗೆ ನಡೆದವು. 1227 ಅಂದರೆ ಶ್ರೀರಂಗಪಟ್ಟಣ ಬಿದ್ದ 1799. ಅಂದಮೇಲೆ ಒಂದು ಅಂಕಿ ಅಳಿಸಿ ಹೋದರೆ, ಈ ಪೈಸೆ ಆ ಹೊಸ ಲೆಕ್ಕದ ಮೊದಲ ವರ್ಷಗಳದ್ದೋ ಅಥವಾ ಅವನು ಸತ್ತ ವರ್ಷದ್ದೋ ಅನ್ನುವುದೇ ಗೊತ್ತಾಗದೆ ಹೋಗಬಹುದು. ಟಂಕಸಾಲೆಗಳೂ ಹಲವು: ಪಟನ್, ನಗರ (ಹಳೆಯ ಬಿದನೂರು), ಬೆಂಗಳೂರು, ಗುತ್ತಿಯ ಫೈಜ್ ಹಿಸಾರ್, ಇನ್ನೂ ಇವೆ. ಒಂದೊಂದರ ಆನೆ ನಿಲ್ಲುವ ರೀತಿ, ಬಾಲ ಎತ್ತುವ ರೀತಿ ಬೇರೆ. ಇದನ್ನೆಲ್ಲ ಓದುವುದಕ್ಕೇ ನಾವು ಇವನ್ನು ಕೂಡಿಡುವುದು. ಅಂಕಿ ಅಕ್ಷರ ಎರಡನ್ನೂ ಕೆರೆದು ಹಾಕಿ ಉಳಿದ ತಾಮ್ರಕ್ಕೆ ಹೆಚ್ಚಿನ ರೇಟು ಕೇಳಿದರೆ ಯಾವುದಕ್ಕೆ ಕೊಡಬೇಕು? ತಾಮ್ರವೇ ಬೇಕಿದ್ದರೆ ಅವೆನ್ಯೂ ರೋಡಿನ ಆಸುಪಾಸಿನಲ್ಲಿ ಪಾತ್ರೆ ಅಂಗಡಿಗಳಿಗೆ ಬರವಿಲ್ಲ.

ಕಿಲುಬು ಅಂದರೆ ಕೊಳೆ ಅಂತ ತಿಳಿದಿರುವುದೇ ಈ ರೋಗದ ಮೂಲ. ತಾಮ್ರದ ಮೇಲೆ ಗಾಳಿ, ನೀರು, ಮಣ್ಣು ಸೇರಿ ನಿಧಾನಕ್ಕೆ ಒಂದು ಪದರ ಕಟ್ಟುತ್ತದೆ. ಮೊದಲು ಕೆಂಪು ಮಿಶ್ರಿತ ಕಂದು, ಅದರ ಮೇಲೆ ಕಪ್ಪು ಅಥವಾ ಹಸಿರು. ಟಂಕಸಾಲೆಯ ಅಚ್ಚು ಬಿದ್ದ ಮೂಲ ಮೇಲ್ಮೈ ಎಷ್ಟೋ ಸಲ ಈ ಪದರದ ಒಳಗೇ ಉಳಿದಿರುತ್ತದೆ. ಹುಳಿ ಹಾಕಿ ತಿಕ್ಕಿದಾಗ ಪದರದ ಜೊತೆಗೆ ಅದೂ ಹೋಗುತ್ತದೆ, ಕೆಳಗೆ ಗುಳಿಬಿದ್ದ ಬರೀ ಲೋಹ ಉಳಿಯುತ್ತದೆ. ಆ ಹೊಳಪೂ ನಿಲ್ಲುವುದಿಲ್ಲ. ಕೆಲವು ತಿಂಗಳಲ್ಲಿ ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಕೆಂಪು ತೇಪೆ ಎದ್ದು ನಾಣ್ಯ ನೋಡಲೇ ಆಗದ ಹಾಗೆ ಆಗುತ್ತದೆ. ಆಗ ಮತ್ತೆ ತಿಕ್ಕುತ್ತಾರೆ.

ಇನ್ನೂ ಒಂದು ಮಾತು. ನಕಲಿ ಹಿಡಿಯಲು ನಮಗಿರುವ ಮುಖ್ಯ ಆಧಾರಗಳಲ್ಲಿ ಈ ಮೇಲ್ಮೈಯೂ ಒಂದು. ಎರಕ ಹೊಯ್ದ ನಕಲಿಯಲ್ಲಿ ಗಾಳಿಗುಳ್ಳೆಯ ಸಣ್ಣ ಗುಳಿ ಇರುತ್ತದೆ, ಅಂಚಿನಲ್ಲಿ ಅಚ್ಚು ಸೇರಿದ ಗೆರೆ ಇರುತ್ತದೆ. ಅಸಲಿಯನ್ನೂ ನಕಲಿಯನ್ನೂ ಒಂದೇ ಬ್ರಷ್ಷಿನಲ್ಲಿ ಉಜ್ಜಿದಮೇಲೆ ಹೊಸಬರು ಎರಡನ್ನೂ ಪಕ್ಕ ಪಕ್ಕ ಇಟ್ಟು ಏನು ಕಂಡುಹಿಡಿದಾರು? ನೆಲದಲ್ಲಿ ಹೂತಿಟ್ಟ ಒಂದೇ ಕುಡಿಕೆಯಲ್ಲಿ ಸಿಕ್ಕ ನಾಣ್ಯಗಳಿಗೆ ಒಂದೇ ಥರದ ಬಣ್ಣ ಇರುತ್ತದೆ, ಒಂದೇ ಮಣ್ಣು ಅಂಟಿರುತ್ತದೆ. ಅದೂ ಅಳಿಸಿತು ಅಂದರೆ ಆ ಗುಂಪು ಎಲ್ಲಿಂದ ಬಂತು ಅನ್ನುವ ಕೊನೆಯ ಸುಳಿವೂ ಹೋಯಿತು. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ 1878ರಿಂದ ಕಾಯ್ದೆ ಇದೆ. ಎಷ್ಟು ಕುಡಿಕೆಗಳು ಆ ದಾರಿ ಹಿಡಿಯದೆ ನೇರ ಹುಣಸೆಹುಳಿಯ ಬೋಗುಣಿಗೆ ಬಿದ್ದಿವೆಯೋ ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ತಾಮ್ರದ್ದು ಹೀಗಾದರೆ ಸೀಸದ್ದು ಇನ್ನೂ ಘೋರ. ಚಿತ್ರದುರ್ಗದ ಚಂದ್ರವಳ್ಳಿ ನಿಮಗೆ ಗೊತ್ತು. ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರು ಅಗೆಸಿದ್ದು, ಆಮೇಲೆ 1947ರಲ್ಲಿ ಇನ್ನೊಬ್ಬ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ್ದು. ಸದಕನ ಕಳಲಾಯ ಮಹಾರಠಿಯ ಸೀಸದ ನಾಣ್ಯಗಳು ಆ ಸೀಮೆಯವು. ಒಂದು ಕಡೆ ಡುಬ್ಬದ ಗೂಳಿ, ಸುತ್ತ ಬ್ರಾಹ್ಮಿ ಅಕ್ಷರ. ನಮ್ಮ ನೆಲದ ಅತ್ಯಂತ ಹಳೆಯ ಆಳರಸರಲ್ಲಿ ಒಬ್ಬನ ಹೆಸರನ್ನು ಕೈಯಲ್ಲಿ ಹಿಡಿದು ಓದಬಹುದಾದ ವಸ್ತು. ಸೀಸಕ್ಕೆ ಹುಳಿ ತಾಗಬಾರದು. ಕೆಲವು ಬಗೆಯ ಮರದ ಪೆಟ್ಟಿಗೆ, ಅಗ್ಗದ ರಟ್ಟು ಬಿಡುವ ಆವಿಗೇ ಅದು ಬಿಳಿ ಪುಡಿಯಾಗಿ ಉದುರುತ್ತದೆ. ಅಂಥದ್ದನ್ನು ವಿನಿಗರ್‌ನಲ್ಲಿ ನೆನೆಸಿಟ್ಟವರನ್ನು ನಾನು ಕಂಡಿದ್ದೇನೆ. ಗೂಳಿಯ ಡುಬ್ಬ ಉಳಿದಿತ್ತು. ಹೆಸರು ಇರಲಿಲ್ಲ.

ಬೆಳ್ಳಿಯ ಕತೆಯೂ ಬೇರೆ ಅಲ್ಲ. 1911ರ ಐದನೇ ಜಾರ್ಜ್ ರೂಪಾಯಿ ಗೊತ್ತಲ್ಲ, ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಗಲಾಟೆ ಆಗಿ, 1912ರಿಂದ ಚಿತ್ರ ತಿದ್ದಿಸಿದ್ದು. ಆ ಆನೆ ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದಿರಬಹುದು. ಅದರ ಸೊಂಡಿಲು, ಕಾಲು ನೋಡುವುದಕ್ಕೆಂದೇ ಜನ ಆ ರೂಪಾಯಿ ಹುಡುಕುತ್ತಾರೆ. ಪಾಲಿಶ್ ಬಟ್ಟೆ ಮೊದಲು ತಿನ್ನುವುದು ಅಂಥ ಎದ್ದು ನಿಂತ ಸಣ್ಣ ಭಾಗವನ್ನೇ. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ, ಅದಾದರೂ ಬಚಾವು ಅಂದುಕೊಂಡರೆ, ಬಫಿಂಗ್ ಚಕ್ರಕ್ಕೆ ಕೊಟ್ಟು ತಂದ ಹೊಯ್ಸಳ ಗದ್ಯಾಣವನ್ನೂ ನೋಡಿದ್ದೇನೆ. ವಿಷ್ಣುವರ್ಧನ 'ತಳಕಾಡುಗೊಂಡ' ಅಂತ ಕನ್ನಡದಲ್ಲಿ ಬರೆಸಿದ ನಾಣ್ಯ ಅದು. ಅಕ್ಷರದ ಅಂಚೆಲ್ಲ ಕರಗಿದಂತೆ ದುಂಡಗಾಗಿದ್ದವು.

ಈಗ ವ್ಯಾಪಾರದ ವಿಷಯಕ್ಕೆ ಬರುತ್ತೇನೆ. ನನಗೆ ಸಹಿಸಲಾಗದ್ದು ಇದೇ. ಉಜ್ಜಿದ ನಾಣ್ಯವನ್ನು ನಿಮಗೆ ಮಾರುವಾಗ ಹೊಳಪೇ ಅದರ ಗುಣ, ಅದಕ್ಕೇ ಜಾಸ್ತಿ ರೇಟು. ಅದೇ ನಾಣ್ಯವನ್ನು ಮುಂದಿನ ವರ್ಷ ಅದೇ ಟೇಬಲ್ಲಿಗೆ ಮಾರಲು ತೆಗೆದುಕೊಂಡು ಹೋಗಿ ನೋಡಿ. ಲೈಟ್ ಕೆಳಗೆ ಹಿಡಿದು, ತಿರುಗಿಸಿ, "ಇದು ವಾಶ್ ಆಗಿದೆ ಮೇಡಂ, ಅರ್ಧ ರೇಟೂ ಬರಲ್ಲ" ಅನ್ನುತ್ತಾರೆ. ಅಂದರೆ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು! ಗೊತ್ತಿದ್ದೂ ಹೊಸಬರ ಕೈಗೆ ಹಾಕಿದರು. ನಾಣ್ಯದ ಸ್ಥಿತಿ ನೋಡಿ ಅಂಕ ಕೊಡುವ ಎನ್‌ಜಿಸಿ, ಪಿಸಿಜಿಎಸ್‌ನಂಥ ಗ್ರೇಡಿಂಗ್ ಕಂಪನಿಗಳಿಗೆ ಕಳಿಸಿದರೂ ಅಷ್ಟೇ. ಅವರ ಒಂದರಿಂದ ಎಪ್ಪತ್ತರವರೆಗಿನ ಅಳತೆಯಲ್ಲಿ ಅಂಕ ಸಿಗುವುದಿಲ್ಲ, ತೊಳೆದಿದೆ ಅಂತ ಚೀಟಿಯಲ್ಲಿ ಅಚ್ಚು ಹಾಕಿ ಕಳಿಸುತ್ತಾರೆ. ಸಂಗ್ರಾಹಕರ ನಡುವಿನ ಬದಲಿ ವ್ಯವಹಾರದಲ್ಲೂ ಅದನ್ನು ಯಾರೂ ಮುಟ್ಟುವುದಿಲ್ಲ. ನಿನ್ನೆ ನನ್ನ ಕಣ್ಣೆದುರೇ ಕಾಲೇಜು ಹುಡುಗನೊಬ್ಬ ಆ ಟ್ರೇಯಿಂದ ಒಂದನ್ನು ಆರಿಸಿ, ಚೌಕಾಸಿಯನ್ನೂ ಮಾಡದೆ, ಮುಖ ಅರಳಿಸಿಕೊಂಡು ದುಡ್ಡು ಎಣಿಸಿದ. ಅವನ ಮೊದಲ ಆನೆ ಪೈಸೆಯಂತೆ. ನಾನು ತಡೆದೆ, ಪಕ್ಕದ ಸಾಲಿನಲ್ಲಿದ್ದ ಉಜ್ಜದ ಪೈಸೆಯೊಂದನ್ನು ತೋರಿಸಿದೆ. ಕಮ್ಮಿ ರೇಟಿನದ್ದು, ಕಡುಗಂದು, ನಾಲ್ಕೂ ಅಂಕಿ ಸ್ಪಷ್ಟ. ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. "ಇದು ಹಳೇದಾಗಿ ಕಾಣತ್ತೆ ಮೇಡಂ" ಅಂದು ಹೊಳೆಯುವುದನ್ನೇ ಜೇಬಿಗೆ ಹಾಕಿಕೊಂಡ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೇಳಿಕೊಡಬೇಕಾದವರು ನಾವು. ಮೇಳದಲ್ಲಿ ಅಪರೂಪದ ನೋಟು, ಹರಾಜಿನ ದಾಖಲೆ ಬೆಲೆ ಎಲ್ಲದಕ್ಕೂ ಬೋರ್ಡ್ ಇರುತ್ತದೆ. ತೊಳೆದ ನಾಣ್ಯ ಹೇಗಿರುತ್ತದೆ, ತೊಳೆಯದ್ದು ಹೇಗಿರುತ್ತದೆ ಅಂತ ಎರಡನ್ನು ಪಕ್ಕದಲ್ಲಿಟ್ಟು ತೋರಿಸುವ ಒಂದು ಡಬ್ಬಿ ಎಲ್ಲೂ ಕಾಣಲಿಲ್ಲ.

ಡೀಲರ್‌ಗಳ ಕಡೆಯ ಮಾತನ್ನೂ ಕೇಳಿದ್ದೇನೆ. ಮಣ್ಣು ಮೆತ್ತಿದ ನಾಣ್ಯವನ್ನು ಯಾರು ಕೊಳ್ಳುತ್ತಾರೆ, ನಮ್ಮ ಹೊಟ್ಟೆಪಾಡು ನೋಡಬೇಡವೇ, ಮ್ಯೂಸಿಯಂನವರೂ ಕ್ಲೀನ್ ಮಾಡುತ್ತಾರಲ್ಲ ಅನ್ನುತ್ತಾರೆ. ಮ್ಯೂಸಿಯಂನವರು ಮಾಡುತ್ತಾರೆ, ನಿಜ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಮಣ್ಣನ್ನು ಮಾತ್ರ ಚೂರು ಚೂರೇ ಬಿಡಿಸಿ, ಮೂಲ ಮೇಲ್ಮೈ ಸಿಕ್ಕ ಕೂಡಲೇ ಕೈ ಎತ್ತುತ್ತಾರೆ. ತೆಳು ಹಸಿರಿನ ಪುಡಿ ಏಳುವ ಕ್ಲೋರೈಡ್ ರೋಗ ಹಿಡಿದ ತಾಮ್ರಕ್ಕೆ ಚಿಕಿತ್ಸೆ ಬೇಕೇ ಬೇಕು, ಹಾಗೇ ಬಿಟ್ಟರೆ ಅದು ನಾಣ್ಯವನ್ನೇ ತಿನ್ನುತ್ತದೆ. ಪಿವಿಸಿ ಆಲ್ಬಮ್‌ನಿಂದ ಅಂಟಿದ ಹಸಿರು ಲೋಳೆಯನ್ನು ಶುದ್ಧ ಅಸಿಟೋನ್‌ನಲ್ಲಿ ತೆಗೆಯುವುದೂ ಸರಿಯೇ, ಅದು ಲೋಹವನ್ನು ಮುಟ್ಟುವುದಿಲ್ಲ. ಮಣ್ಣು ಬಿಡಿಸಬೇಕಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ದಿನಗಟ್ಟಲೆ ನೆನೆಸಿಡಿ, ನೀರು ಬದಲಿಸುತ್ತಾ ಇರಿ, ಮೆತ್ತಗಾದ ಮಣ್ಣನ್ನು ಬಿದಿರಿನ ಕಡ್ಡಿಯಲ್ಲಿ ಬಿಡಿಸಿ. ತಾಳ್ಮೆ ಬೇಕು. ಇದ್ಯಾವುದಕ್ಕೂ ತಂತಿ ಬ್ರಷ್ ಬೇಡ. ಹೊಟ್ಟೆಪಾಡಿನ ಮಾತು ನನಗೂ ನೋವು ಕೊಡುತ್ತದೆ. ಊರಿಂದ ಊರಿಗೆ ಟ್ರಂಕು ಹೊತ್ತು, ಟೇಬಲ್ ಬಾಡಿಗೆ ಕಟ್ಟಿ ಬರುವವರ ಕಷ್ಟ ಸುಳ್ಳಲ್ಲ. ಆದರೆ ತಮ್ಮ ಸರಕನ್ನು ತಾವೇ ಕೊಂದು, ಅದನ್ನೇ ವ್ಯಾಪಾರ ಅಂದರೆ ನಾನು ಒಪ್ಪುವುದಿಲ್ಲ. ಇನ್ನು ಮುಂದೆ ಯಾರೂ ಟಿಪ್ಪು ಪೈಸೆ ಹೊಸದಾಗಿ ಟಂಕಿಸಿ ಕೊಡುವುದಿಲ್ಲ.

ಮನೆಯ ಪೂಜೆಯ ನಾಣ್ಯಗಳ ಬಗ್ಗೆ ಮಾತ್ರ ನಾನು ಏನೂ ಹೇಳುವುದಿಲ್ಲ. ದೀಪಾವಳಿಗೆ ಲಕ್ಷ್ಮಿಯ ಮುಂದೆ ಇಡುವ ಬೆಳ್ಳಿ ರೂಪಾಯಿಗಳನ್ನು ನಮ್ಮಜ್ಜಿಯೂ ತೊಳೆಯುತ್ತಿದ್ದರು, ಅಮ್ಮನೂ ತೊಳೆಯುತ್ತಾರೆ. ಅವು ದೇವರ ಹಣ, ಮಾರಾಟಕ್ಕಿಲ್ಲ, ಅರಿಶಿನ ಕುಂಕುಮ ಹತ್ತಿ ಅವುಗಳಿಗೆ ಬೇರೆಯೇ ಒಂದು ಬದುಕು ಇದೆ. ಆ ಡಬ್ಬಿ ತೆರೆದರೆ ಬರುವ ಕರ್ಪೂರದ ವಾಸನೆ ಮೂಗಿಗೆ ಬಂದರೆ ಈಗಲೂ ನನ್ನ ಕಣ್ಣು ತುಂಬುತ್ತದೆ. ಅದನ್ನು ಇದರ ಜೊತೆ ಸೇರಿಸಬೇಡಿ.

ಮೇಳ ನಡೆಸುವವರಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ನಕಲಿ ಮಾರಬಾರದು ಅಂತ ಹೇಗೆ ಟೇಬಲ್ ಕೊಡುವಾಗಲೇ ಷರತ್ತು ಹಾಕಬಹುದೋ, ಹಾಗೆಯೇ ತೊಳೆದ ನಾಣ್ಯದ ಹೋಲ್ಡರ್ ಮೇಲೆ ತೊಳೆದಿದೆ ಅಂತ ಬರೆಯಲೇಬೇಕು ಅಂತಲೂ ಹಾಕಿ. ನಾಣ್ಯ ಎಷ್ಟು ಸವೆದಿದೆ ಅಂತ ತಿಳಿಸಲು ವಿಎಫ್, ಎಕ್ಸ್‌ಎಫ್ ಅಂತ ಗ್ರೇಡ್ ಬರೆಯುವ ಪೆನ್ನಿನಲ್ಲೇ ಇನ್ನೊಂದು ಪದ ಬರೆಯಲು ಎಷ್ಟು ಹೊತ್ತು? ಬೆಲೆ ಅವರೇ ಇಟ್ಟುಕೊಳ್ಳಲಿ, ಕೊಳ್ಳುವವರು ತಿಳಿದು ಕೊಳ್ಳಲಿ. ನಾನು ಬರವಣಿಗೆಯಲ್ಲೂ ಕೊಡುತ್ತೇನೆ, ಯಾರಾದರೂ ಸಹಿ ಹಾಕುವುದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ.

ಬೇಜಾರಿನಲ್ಲಿ ಹೊರಡುವವಳಿದ್ದೆ. ಕೊನೆಯ ಸಾಲಿನಲ್ಲಿ ಹಿರಿಯರೊಬ್ಬರ ಟೇಬಲ್‌ನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸು ಸಿಕ್ಕಿತು. ಆನೆ, ಅದರ ಮೇಲೆ 'ಶ್ರೀ', ಹಿಂದೆ ಕನ್ನಡದಲ್ಲಿ 'ಮಯಿಲಿ ಕಾಸು', ಇಂಗ್ಲಿಷಿನಲ್ಲಿ ಇಪ್ಪತ್ತು ಕ್ಯಾಶ್. ಮೈ ಪೂರಾ ಚಾಕಲೇಟ್ ಕಂದು. 'ಯಿ'ಯ ಗುಡಿಸು ಕೂಡ ಸವೆದಿಲ್ಲ. "ನಾನು ಏನೂ ಮಾಡಿಲ್ಲಮ್ಮ, ಹೇಗೆ ಬಂತೋ ಹಾಗೇ ಇದೆ" ಅಂದರು. ಕೇಳಿದಷ್ಟು ಕೊಟ್ಟೆ.

ಅದರ ಫೋಟೋ ಕೆಳಗೆ ಹಾಕಿದ್ದೇನೆ, ಮುಂದೆ ಹಿಂದೆ ಎರಡೂ. ಬದಲಿಗೆ ಕೊಡಲು ನನ್ನ ಹತ್ತಿರ ವಿಜಯನಗರದ ತಾಮ್ರ ಒಂದಿಷ್ಟು ಇವೆ, ಎರಡನೇ ದೇವರಾಯನ ಆನೆಯವೂ ಸೇರಿ. ಯಾರ ಹತ್ತಿರವಾದರೂ ನಗರ ಟಂಕಸಾಲೆಯ ಟಿಪ್ಪು ಪೈಸೆ ಇದ್ದರೆ ಹೇಳಿ. ಕಪ್ಪಾಗಿರಲಿ, ಹಸಿರಾಗಿರಲಿ, ಮಣ್ಣು ಮೆತ್ತಿರಲಿ, ಉಜ್ಜಿರಬಾರದು ಅಷ್ಟೇ.