ಅಮೆರಿಕಕ್ಕೆ ಎಂ.ಎಸ್. ಓದಲು ಹೊರಟವರು ಕೋರ್ಸ್ ಆರಿಸುವ ಮುನ್ನ

ಈ ಆಗಸ್ಟಿಗೆ ಎಂ.ಎಸ್. ಮಾಡಲು ಅಮೆರಿಕಕ್ಕೆ ಹೊರಟಿರುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಕಳಕಳಿಯ ಮಾತು. ಸೀನಿಯರ್ ತಗೊಂಡ ಕೋರ್ಸನ್ನೇ ಕಣ್ಣು ಮುಚ್ಚಿ ತಗೊಳ್ಳಬೇಡಿ. ಮೊದಲ ಸೆಮಿಸ್ಟರ್ ಎಡವಿದರೆ ಅಂಕ ಹೋಗುವುದಷ್ಟೇ ಅಲ್ಲ, ವೀಸಾದ ಬುಡಕ್ಕೇ ಬರುತ್ತದೆ.

ಎಫ್-1 ವೀಸಾದಲ್ಲಿ, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಪೂರ್ಣಾವಧಿ ಓದಲೇಬೇಕು. ಬಿ.ಎಸ್. ಓದುವವರಿಗೆ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್. ಎಂ.ಎಸ್.ಗೆ ಎಷ್ಟೆಂದು ಆಯಾ ವಿಶ್ವವಿದ್ಯಾಲಯವೇ ನಿಗದಿ ಮಾಡುತ್ತದೆ, ಸಾಮಾನ್ಯವಾಗಿ 9. ಅಂದರೆ ತಲಾ 3 ಕ್ರೆಡಿಟ್‌ನ ಮೂರು ಕೋರ್ಸ್. ಮೂರೇ ತಗೊಂಡವರು ನಡುವೆ ಒಂದನ್ನು ಬಿಟ್ಟರೆ 6ಕ್ಕೆ ಇಳಿಯುತ್ತಾರೆ, ಅಲ್ಲಿಂದಲೇ ತೊಂದರೆ ಶುರು.

ಹಾಗಂತ ನಾಲ್ಕು ಕೋರ್ಸ್ ಹೊತ್ತುಕೊಳ್ಳಿ ಅಂತಲ್ಲ. 3 ಕ್ರೆಡಿಟ್‌ನ ಕೋರ್ಸಿಗೆ ವಾರಕ್ಕೆ 3 ಗಂಟೆ ತರಗತಿ, ಅದರ ಮೇಲೆ ಸುಮಾರು 6 ಗಂಟೆ ಸ್ವಂತ ಓದು. ಮೂರು ಕೋರ್ಸಿಗೆ 27 ಗಂಟೆ. ಕ್ಯಾಂಪಸ್ ಕೆಲಸಕ್ಕೆ ಅನುಮತಿ ಇರುವ 20 ಗಂಟೆ ಸೇರಿಸಿದರೆ 47. ಅಡುಗೆ, ಬಟ್ಟೆ, ಬಸ್ಸು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನನ್ನ ಪ್ರಕಾರ ಎರಡು ಕಠಿಣ ಕೋರ್ಸ್, ಒಂದು ನಿಮಗೆ ಆಗಲೇ ಅರ್ಧ ಗೊತ್ತಿರುವ ವಿಷಯದ್ದು. ಮೊದಲ ವಾರ ನಾಲ್ಕನೆಯ ಕ್ಲಾಸಿನಲ್ಲೂ ಕೂತು ನೋಡಿ. ಕೋರ್ಸ್ ಸೇರಿಸಲು, ಬಿಡಲು ಇರುವ ಆ್ಯಡ್-ಡ್ರಾಪ್ ಗಡುವಿನೊಳಗೆ ಬದಲಾಯಿಸಿಕೊಂಡರೆ ಅಂಕಪಟ್ಟಿಯಲ್ಲಿ ಅದರ ಗುರುತೂ ಉಳಿಯುವುದಿಲ್ಲ. ಗಡುವು ದಾಟಿದ ಮೇಲೆ ಬಿಟ್ಟರೆ ಅಂಕಪಟ್ಟಿಯಲ್ಲಿ 'ಡಬ್ಲ್ಯೂ' (ವಿತ್‌ಡ್ರಾ, ನಡುವೆ ಬಿಟ್ಟದ್ದು) ಬೀಳುತ್ತದೆ, ಫೀಸೂ ಬಹುತೇಕ ಹೋಗುತ್ತದೆ.

ಇಲ್ಲೇ ಬಹಳ ಜನ ಸಿಕ್ಕಿಬೀಳುವುದು. ವಿಭಾಗದ ಅಡ್ವೈಸರ್ ಬೇರೆ, ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ವೀಸಾ ನಿಯಮ ನೋಡಿಕೊಳ್ಳುವ ಅಧಿಕಾರಿ, ಡಿಎಸ್‌ಓ ಬೇರೆ. "ಕಷ್ಟವಾದರೆ ಡ್ರಾಪ್ ಮಾಡು" ಅಂತ ವಿಭಾಗದವರು ಒಳ್ಳೆಯ ಮನಸ್ಸಿನಿಂದಲೇ ಹೇಳಬಹುದು, ವೀಸಾ ನಿಯಮ ನೋಡುವುದು ಅವರ ಕೆಲಸವಲ್ಲ. ಡಿಎಸ್‌ಓ ಮೊದಲೇ ಒಪ್ಪಿಗೆ ಕೊಡದೆ ಕ್ರೆಡಿಟ್ ಇಳಿಸಿದರೆ ಎಫ್-1 ಸ್ಟೇಟಸ್, ಅಂದರೆ ವಿದ್ಯಾರ್ಥಿಯಾಗಿ ಅಲ್ಲಿರುವ ಹಕ್ಕು, ಕೈತಪ್ಪುತ್ತದೆ. ಓದಿನ ತೊಂದರೆಯ ಕಾರಣಕ್ಕೆ ಇಂಥ ರಿಯಾಯಿತಿ ಒಂದು ಪದವಿಗೆ ಒಂದೇ ಸಲ, ಆಗಲೂ ಅರ್ಧದಷ್ಟು ಕ್ರೆಡಿಟ್ ಇರಲೇಬೇಕು. ಡಿಎಸ್‌ಓಗೆ ಇ-ಮೇಲ್ ಕಳಿಸಿ, ಒಪ್ಪಿಗೆಯ ಉತ್ತರ ಬಂದ ಮೇಲೆ ಮಾತ್ರ ಡ್ರಾಪ್ ಒತ್ತಿ.

ವಿಟಿಯುನಲ್ಲಿ ಅರ್ಧದಷ್ಟು ಅಂಕ ಕೊನೆಯ ಪರೀಕ್ಷೆಯಲ್ಲೇ ಇರುವುದರಿಂದ ಕೊನೆಯ ಹದಿನೈದು ದಿನ ಕೂತು ಓದಿ ದಡ ಸೇರಬಹುದಿತ್ತು. ಅಮೆರಿಕದಲ್ಲಿ ಎರಡನೇ ವಾರದಿಂದಲೇ ಹೋಂವರ್ಕಿಗೆ ಅಂಕ. ಮೂರೂ ಕೋರ್ಸಿನ ಸಿಲಬಸ್ ತೆರೆದು ಪ್ರತಿ ಹೋಂವರ್ಕ್, ಮಿಡ್‌ಟರ್ಮ್, ಪ್ರಾಜೆಕ್ಟ್ ಗಡುವನ್ನು ಒಂದೇ ಹಾಳೆಗೆ ಇಳಿಸಿ, ಪಕ್ಕದಲ್ಲಿ ಅದರ ಶೇಕಡಾವಾರು ಪಾಲು ಬರೆಯಿರಿ. ಅಕ್ಟೋಬರಿನ ಯಾವುದೋ ಒಂದೇ ವಾರಕ್ಕೆ ಎರಡು ಮಿಡ್‌ಟರ್ಮ್, ಒಂದು ಪ್ರಾಜೆಕ್ಟ್ ಬಂದು ಕೂತಿರುವುದು ಆಗಸ್ಟಿನಲ್ಲೇ ಕಾಣುತ್ತದೆ.

ಸ್ನೇಹಿತನ ಕೋಡ್ ತಗೊಂಡು ವೇರಿಯಬಲ್ ಹೆಸರು ಬದಲಿಸಿ ಕೊಡುವ ಅಭ್ಯಾಸವಿದ್ದರೆ ದಯವಿಟ್ಟು ಇಲ್ಲೇ ಬಿಟ್ಟು ಹೋಗಿ. ಹೋಲಿಕೆ ಹಿಡಿಯುವ ತಂತ್ರಾಂಶಕ್ಕೆ ಹೆಸರು ಬೇಕಿಲ್ಲ, ಕೋಡಿನ ರಚನೆ ಸಾಕು. ಕೊಟ್ಟವರಿಗೂ ತಗೊಂಡವರಿಗೂ ಶಿಕ್ಷೆ ಆಗುತ್ತದೆ.

ಎಂ.ಎಸ್.ನಲ್ಲಿ ಸಾಮಾನ್ಯವಾಗಿ ಜಿಪಿಎ (ಗ್ರೇಡುಗಳ ಸರಾಸರಿ; 'ಎ'ಗೆ 4, 'ಬಿ'ಗೆ 3, 'ಸಿ'ಗೆ 2) 3.0 ಕಾಯ್ದುಕೊಳ್ಳಬೇಕು. ಎರಡು 'ಬಿ', ಒಂದು 'ಸಿ' ಬಂದರೆ 2.67, ಅಂದರೆ ಪ್ರೊಬೇಷನ್, ಎಚ್ಚರಿಕೆಯ ಅವಧಿ. ಆ ಒಂದು 'ಸಿ' ಸರಿದೂಗಿಸಲು ಮುಂದೆ ಒಂದು 'ಎ' ಬೇಕೇ ಬೇಕು.

30 ಕ್ರೆಡಿಟ್‌ನ ಪದವಿಯಾದರೆ 9, 9, 9, ಕೊನೆಗೆ 3 ಉಳಿಯುತ್ತದೆ. ಕಡ್ಡಾಯ ಕೋರ್ಸುಗಳಲ್ಲಿ ಯಾವುದು ಫಾಲ್‌ನಲ್ಲಿ (ಆಗಸ್ಟಿನಲ್ಲಿ ಶುರುವಾಗುವ ಸೆಮಿಸ್ಟರ್) ಮಾತ್ರ ನಡೆಯುತ್ತದೆ ಅಂತ ಮೊದಲೇ ನೋಡಿ, ತಪ್ಪಿದರೆ ಒಂದು ವರ್ಷ ಕಾಯಬೇಕು. ಕೊನೆಗೆ ಉಳಿದ ಆ ಒಂದೇ ಕೋರ್ಸ್ ಪೂರ್ತಿ ಆನ್‌ಲೈನ್ ಆಗಿರಕೂಡದು, ಕಡಿಮೆ ಕ್ರೆಡಿಟ್‌ಗೆ ಆಗಲೂ ಡಿಎಸ್‌ಓ ಒಪ್ಪಿಗೆ ಬೇಕು. ಆ ಭೇಟಿಯಲ್ಲೇ ಓಪಿಟಿ, ಅಂದರೆ ಓದಿದ ವಿಷಯದಲ್ಲಿ ಕೆಲಸ ಮಾಡಲು ಸಿಗುವ ಅನುಮತಿಯ ಮಾತನ್ನೂ ಎತ್ತಿ. ಪದವಿ ಮುಗಿಯುವ 90 ದಿನ ಮೊದಲೇ ಅರ್ಜಿ ಹಾಕಬಹುದು, ಮುಗಿದ 60 ದಿನದ ನಂತರ ಬಾಗಿಲು ಮುಚ್ಚುತ್ತದೆ.