ಸರೋವರದ ಕಡೆ ಮುಖ, ಊರಿಗೆ ಬೆನ್ನು

ತಿಂಗಳುಗಳಿಂದ ನಾನು ವೆಬ್‌ಕ್ಯಾಮ್‌ನಲ್ಲಿ, ಅಂದರೆ ಅಂತರಜಾಲಕ್ಕೆ ಚಿತ್ರ ಕಳಿಸುವ ಕ್ಯಾಮೆರಾದಲ್ಲಿ, ಒಂದು ಸರೋವರವನ್ನು ನೋಡುತ್ತಿದ್ದೇನೆ. ಅದರ ದಂಡೆಯ ಊರಿನಲ್ಲಿ ನನಗೆ ಚೆನ್ನಾಗಿ ಪರಿಚಯವಿರುವ ಜೀವ ಒಂದೇ. ಅದು ಜೇಡ. ಕತ್ತಲಾಗುತ್ತಿದ್ದಂತೆ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಳ್ಳುತ್ತವೆ, ದೀಪದ ಬಳಿಗೆ ಹುಳುಗಳು ಬರುತ್ತವೆ, ಹುಳುಗಳಿಗಾಗಿ ಜೇಡ ಬರುತ್ತದೆ. ಮಸೂರಕ್ಕೆ ಅಡ್ಡಲಾಗಿ ಬಲೆ ನೇಯ್ದು ನಟ್ಟನಡುವೆ ಕುಳಿತರೆ ಅದರ ಎಂಟೂ ಕಾಲುಗಳು ಪರದೆಯ ಈ ಅಂಚಿನಿಂದ ಆ ಅಂಚಿಗೆ ಚಾಚಿಕೊಳ್ಳುತ್ತವೆ. ಅದರ ಹಿಂದೆ ಎಲ್ಲೋ ಮಸುಕಾಗಿ ಸರೋವರ. ಮೂಲೆಯಲ್ಲಿ ಕೆಂಪು ಚುಕ್ಕೆ, ಚುಕ್ಕೆಯ ಪಕ್ಕ ‘ನೇರ ಪ್ರಸಾರ’, ಕೆಳಗೆ ‘ಈಗ 41 ಮಂದಿ ವೀಕ್ಷಿಸುತ್ತಿದ್ದಾರೆ’. ಎಲ್ಲಕ್ಕೂ ಮೇಲೆ ದಪ್ಪ ಅಕ್ಷರಗಳಲ್ಲಿ: ‘ನಮ್ಮ ಸರೋವರದ ಜನರೊಂದಿಗೆ ಬೆರೆಯಿರಿ’.

ಬೆರೆಯುತ್ತಿದ್ದೇವೆ. ನಲವತ್ತೊಂದು ಮಂದಿ, ಒಂದು ಜೇಡ.

ಬೆಳಗಾದರೆ ಪರಿಸ್ಥಿತಿ ಸುಧಾರಿಸುತ್ತದೆ ಎಂದುಕೊಳ್ಳಬೇಡಿ. ಊರಿನವರೊಂದಿಗೆ ಬೆರೆಯಲೆಂದು ತಂದ ಕ್ಯಾಮೆರಾವನ್ನು ಊರಿನ ಗೋಡೆಗೆ ಬಿಗಿದು, ನೀರಿನ ಕಡೆ ತಿರುಗಿಸಿ ಇಟ್ಟಿದ್ದಾರೆ. ಮನೆಗಳು, ಶಾಲೆ ಬಿಟ್ಟ ಮಕ್ಕಳು, ಬಾಗಿಲಲ್ಲಿ ನಿಂತು ಮಾತು ಮುಗಿಸಲಾರದ ನೆರೆಹೊರೆಯವರು, ದೋಣಿ ರಿಪೇರಿ ಮಾಡುವವನ ಬೈಗುಳ, ಎಲ್ಲವೂ ಕ್ಯಾಮೆರಾದ ಬೆನ್ನ ಹಿಂದೆ. ಮುಂದೆ ಇರುವುದು ನೀರು, ಒಂದು ಬೆಂಚು, ಮನಸ್ಸು ಬಂದರೆ ನಾಲ್ಕು ಬಾತುಕೋಳಿಗಳು. ಮನೆಗೆ ಬಂದ ನೆಂಟನನ್ನು ಕಿಟಕಿಯ ಕಡೆ ಮುಖ ಮಾಡಿಸಿ ಕೂರಿಸಿ, ಸಂಜೆ ‘ಮನೆಯವರನ್ನೆಲ್ಲ ಮಾತನಾಡಿಸಿದಿರಲ್ಲ, ಸಂತೋಷ’ ಎಂದು ಕಳಿಸಿಕೊಟ್ಟ ಹಾಗೆ.

ಹಾಗಾದರೆ ಕ್ಯಾಮೆರಾವನ್ನು ಊರಿನ ಕಡೆ ತಿರುಗಿಸಿ ಎನ್ನುವಂತಿಲ್ಲ. ಗುರುತು ಹಿಡಿಯಬಹುದಾದ ಮುಖ ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮದ ಪ್ರಕಾರ ವೈಯಕ್ತಿಕ ಮಾಹಿತಿ. ಆದ್ದರಿಂದ ಇಂಥ ಕ್ಯಾಮೆರಾಗಳನ್ನು ಎತ್ತರದಲ್ಲಿ, ದೂರದಲ್ಲಿ, ಮನುಷ್ಯರು ಇರುವೆಗಳಂತೆ ಕಾಣುವ ಹಾಗೆ ಇಡುವುದೇ ಕ್ಷೇಮ. ಜನರನ್ನು ಬೆಸೆಯುವ ಯಂತ್ರಕ್ಕೆ ಮೊದಲ ಷರತ್ತು, ಜನ ಕಾಣಿಸಬಾರದು. ಷರತ್ತಿನ ಬಗ್ಗೆ ನನ್ನ ತಕರಾರಿಲ್ಲ. ಆ ಬೆಂಚಿನ ಮೇಲೆ ಯಾರು ಯಾರ ಜೊತೆ ಕುಳಿತಿದ್ದಾರೆ ಎಂಬುದು ನಮ್ಮ ನಲವತ್ತೊಂದು ಮಂದಿಗೆ ತಿಳಿಯಬೇಕಾಗಿಯೂ ಇಲ್ಲ. ತಕರಾರು ಇರುವುದು ಆ ದಪ್ಪ ಅಕ್ಷರಗಳ ಮೇಲೆ.

ಈ ಯಂತ್ರದ ಜಾತಕ ನೋಡಿದರೆ ಎಲ್ಲ ತಿಳಿಯುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಕಾಫಿ ಪಾತ್ರೆ ಇದ್ದದ್ದು ಒಂದು ಕೋಣೆಯಲ್ಲಿ, ಕುಡಿಯುವವರು ಕಟ್ಟಡದ ತುಂಬ. ಮೆಟ್ಟಿಲು ಹತ್ತಿಳಿದು ಬಂದರೆ ಪಾತ್ರೆ ಖಾಲಿ. 1991ರಲ್ಲಿ ಪಾತ್ರೆಯ ಎದುರಿಗೇ ಒಂದು ಕ್ಯಾಮೆರಾ ನಿಲ್ಲಿಸಿದರು. ಉದ್ದಕ್ಕೆ 128, ಅಗಲಕ್ಕೆ 128 ಚುಕ್ಕೆಗಳ ಬೂದು ಚಿತ್ರ. 1993ರಲ್ಲಿ ಅದು ವೆಬ್ ಸೇರಿತು, ಕಾಫಿ ಸಿಗುವ ಸಾಧ್ಯತೆಯೇ ಇಲ್ಲದ ದೇಶಾಂತರದ ಜನರೂ ಪಾತ್ರೆ ತುಂಬಿದೆಯೇ ಎಂದು ಇಣುಕತೊಡಗಿದರು. 2001ರಲ್ಲಿ ಕ್ಯಾಮೆರಾ ಕಣ್ಣು ಮುಚ್ಚಿತು. ಪಾತ್ರೆಯನ್ನು ಜರ್ಮನಿಯ ಡೆರ್ ಸ್ಪೀಗಲ್ ಪತ್ರಿಕೆಯ ಜಾಲತಾಣ 3,350 ಪೌಂಡ್ ಕೊಟ್ಟು ಹರಾಜಿನಲ್ಲಿ ಕೊಂಡಿತು. ಅಂದರೆ ವೆಬ್‌ಕ್ಯಾಮ್ ಹುಟ್ಟಿದ್ದೇ ಎದ್ದು ಹೋಗುವ ಕಷ್ಟ ತಪ್ಪಿಸಲು. ಎದ್ದು ಹೋಗಿದ್ದರೆ ಆ ಕೋಣೆಯಲ್ಲಿ ಯಾರಾದರೂ ಸಿಗುತ್ತಿದ್ದರು, ನಾಲ್ಕು ಮಾತಾಗುತ್ತಿತ್ತು. ಆ ಅಪಾಯವೂ ತಪ್ಪಿತು. ಇಂಥ ಮನೆತನದ ಕುಡಿಗೆ ಈಗ ಸಂಬಂಧ ಕುದುರಿಸುವ ಕೆಲಸ ವಹಿಸಿದ್ದೇವೆ.

‘ನೇರ’ ಎಂಬ ಮಾತಿನ ಕಥೆಯೂ ಹೇಳಬೇಕು. ಅಂತರಜಾಲದ ವಿಡಿಯೊ ಸಾಮಾನ್ಯವಾಗಿ ಕೆಲವು ಸೆಕೆಂಡುಗಳ ತುಂಡುಗಳಾಗಿ ಸರ್ವರ್ ಎಂಬ ನಡುವಿನ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ನಮ್ಮ ಪರದೆಗೆ ಬಂದು, ಒಂದಿಷ್ಟು ಜಮೆಯಾದ ಮೇಲೆಯೇ ಓಡುತ್ತದೆ. ಹತ್ತು ಸೆಕೆಂಡಿನಿಂದ ಅರ್ಧ ನಿಮಿಷದವರೆಗೆ ತಡ. ನನಗೆ ಗೊತ್ತಿರುವ ಹುಡುಗನೊಬ್ಬ ಇಂಥದೊಂದು ದಂಡೆಗೆ ಹೋದವನು ಮನೆಗೆ ಫೋನ್ ಮಾಡಿದ.

“ಅಮ್ಮ, ಬೆಂಚಿನ ಪಕ್ಕ ನಿಂತಿದ್ದೇನೆ, ಕೈ ಬೀಸುತ್ತಿದ್ದೇನೆ, ನೋಡು.”

“ಬೆಂಚು ಇದೆ ಕಣೋ, ನೀನೇ ಇಲ್ಲ.”

“ಎರಡೂ ಕೈ ಬೀಸುತ್ತಿದ್ದೇನಮ್ಮ.”

“ಬಾತುಕೋಳಿ ಇದೆ. ನೀನು ಬೇರೆ ಯಾವುದೋ ಸರೋವರಕ್ಕೆ ಹೋಗಿರಬೇಕು.”

ಸುತ್ತಲಿನವರು ನೋಡುತ್ತಿದ್ದಾರೆಂದು ಅವನು ಕೈ ಇಳಿಸಿ, ಮುಖ ಕೆಂಪಗೆ ಮಾಡಿಕೊಂಡು ಹೊರಟ. ಬಸ್ಸಿನ ಬಾಗಿಲ ಹತ್ತಿರ ಬರುವಷ್ಟರಲ್ಲಿ ಫೋನಿನಲ್ಲಿ ಸಂಭ್ರಮ: “ಬಂದೆ, ಬಂದೆ! ಎಷ್ಟು ಸೊರಗಿದ್ದೀಯೋ! ಅಲ್ಲೇ ಇರು, ಅಪ್ಪನನ್ನು ಕರೆಯುತ್ತೇನೆ.” ಇರುವೆಯಷ್ಟು ಕಂಡ ಮಗನ ಸೊರಗುವಿಕೆಯನ್ನು ಪತ್ತೆಹಚ್ಚಬಲ್ಲ ತಂತ್ರಜ್ಞಾನ ತಾಯಿಯಲ್ಲಿ ಮಾತ್ರ ಇದೆ ಎಂಬುದು ಬೇರೆ ವಿಷಯ. ಅವರಿಬ್ಬರನ್ನು ಬೆಸೆದದ್ದು ಫೋನು. ಕ್ಯಾಮೆರಾ ಹಚ್ಚಿದ್ದು ಜಗಳ.

ದಂಡೆಯವರನ್ನು ಕೇಳಿದರೆ ಅವರ ಕಥೆಯೇ ಬೇರೆ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಸರೋವರದ ಅಂಚಿನ ಪುಟ್ಟ ಊರು. ನಿವಾಸಿಗಳು ಏಳುನೂರು ಚಿಲ್ಲರೆ, ಹಂಗಾಮಿನಲ್ಲಿ ಒಂದೇ ದಿನಕ್ಕೆ ಬರುವವರು ಹತ್ತು ಸಾವಿರದವರೆಗೆ. 2012ರಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಆ ಊರಿನ ಪಡಿಯಚ್ಚನ್ನೇ ಕಟ್ಟಿದರು. ಮನೆ ಬಂದವು, ಚೌಕ ಬಂತು, ಚರ್ಚಿನ ಗೋಪುರ ಬಂತು. ಊರಿನವರನ್ನು ಮಾತ್ರ ನಕಲು ಮಾಡಲು ಆಗಲಿಲ್ಲ. 2023ರಲ್ಲಿ ಅಸಲಿ ಊರಿನವರು, ಎಲ್ಲರೂ ನಿಂತು ಸೆಲ್ಫಿ ತೆಗೆದುಕೊಳ್ಳುವ ಜಾಗದಲ್ಲಿ ಸರೋವರ ಕಾಣದಂತೆ ಮರದ ಬೇಲಿ ಕಟ್ಟಿದರು. ಟೀಕೆ ಬಂದ ಮೇಲೆ ತೆಗೆದರು. ಬೆಸೆಯುವುದು ವಿಪರೀತವಾದರೆ ಊರು ಕೇಳುವುದು ಇಂಟರ್‌ನೆಟ್ ವೇಗವನ್ನಲ್ಲ, ಹಲಗೆ ಮತ್ತು ಮೊಳೆಯನ್ನು.

ಇನ್ನು ಸ್ಕಾಟ್ಲೆಂಡಿನ ಲಾಕ್ ನೆಸ್. ಸುಮಾರು 230 ಮೀಟರ್ ಆಳದ ಆ ನೀರಿನ ಮೇಲೂ ವೆಬ್‌ಕ್ಯಾಮ್ ಕಾವಲಿದೆ. ಸಮುದ್ರದಾಚೆ ಸೋಫಾದಲ್ಲಿ ಕುಳಿತು, ಅಲೆಯ ನಡುವೆ ಕರಿಯದೇನೋ ಕಂಡೆನೆಂದು ಬರೆದು ಕಳಿಸಿದರೆ, ಅಲ್ಲಿನ ವಿಚಿತ್ರ ಪ್ರಾಣಿಯ ದರ್ಶನಗಳ ಪಟ್ಟಿಗೆ ಅದೂ ಸೇರಬಹುದು. ಇಲ್ಲದ ಪ್ರಾಣಿಯನ್ನು ಕಂಡವರಿಗೆ ದಾಖಲೆ ಪುಸ್ತಕವಿದೆ. ಅದೇ ದಂಡೆಯಲ್ಲಿ ಖಂಡಿತವಾಗಿ ಇರುವ ಮನುಷ್ಯರನ್ನು ಕಂಡೆನೆಂದು ಬರೆದುಕೊಳ್ಳುವ ಪುಸ್ತಕ ಇನ್ನೂ ತೆರೆದಿಲ್ಲ.

ನಿಜವಾಗಿ ಮುಖ ಮುಖ ತೋರಿಸಿದರೆ ಏನಾಗುತ್ತದೆ ಎಂಬುದನ್ನೂ ನೋಡಿಯಾಯಿತು. 2024ರ ಮೇ ತಿಂಗಳಲ್ಲಿ ನ್ಯೂಯಾರ್ಕಿಗೂ ಡಬ್ಲಿನ್ನಿಗೂ ನಡುವೆ ದುಂಡನೆಯ ದೊಡ್ಡ ಪರದೆಗಳನ್ನು ನಿಲ್ಲಿಸಿ, ಆ ಬೀದಿಯವರು ಈ ಬೀದಿಯವರನ್ನು ನೇರವಾಗಿ ನೋಡುವಂತೆ ಮಾಡಿದರು. ಜನ ಕೈ ಬೀಸಿದರು, ಕುಣಿದರು, ಆಮೇಲೆ ಕೆಲವರು ತೋರಿಸಬಾರದ್ದನ್ನೆಲ್ಲ ತೋರಿಸಿದರು. ಒಂದು ವಾರದೊಳಗೆ ಪರದೆ ಮುಚ್ಚಬೇಕಾಯಿತು, ಕೆಲವು ಬಿಗಿ ಕ್ರಮಗಳನ್ನು ಮಾಡಿಕೊಂಡು ಆಮೇಲೆ ಮತ್ತೆ ತೆರೆದರು. ಬಾತುಕೋಳಿಗಳನ್ನು ತೋರಿಸುವುದು ಜಾಣತನವೇ, ಒಪ್ಪಿದೆ.

ನೋಡುವವರಿಂದ ನಿಜಕ್ಕೂ ಉಪಕಾರವಾದ ಒಂದು ಕ್ಯಾಮೆರಾ ನನಗೆ ಗೊತ್ತು. ನೆದರ್ಲೆಂಡಿನ ಉಟ್ರೆಕ್ಟ್‌ನಲ್ಲಿ, ನೀರಿನೊಳಗೆ. ವಸಂತದಲ್ಲಿ ಮೊಟ್ಟೆಯಿಡಲು ಹೊರಟ ಮೀನುಗಳು ಕಾಲುವೆಯ ತೂಬಿನ ಬಾಗಿಲಿಗೆ ಬಂದು ನಿಲ್ಲುತ್ತವೆ. 2021ರಿಂದ, ಜಗತ್ತಿನ ಯಾವ ಮೂಲೆಯಲ್ಲಿ ಕುಳಿತವರಾದರೂ ಮೀನು ಕಂಡರೆ ಪರದೆಯ ಮೇಲಿನ ಗುಂಡಿ ಒತ್ತಬಹುದು. ಸುದ್ದಿ ಮುಟ್ಟಿದ ಮೇಲೆ ಅಲ್ಲಿಯವರು ಬಾಗಿಲು ತೆರೆಯುತ್ತಾರೆ. ಮೀನಿಗೆ ಬಾಗಿಲ ಗಂಟೆ ಇದೆ. ನನ್ನ ಸರೋವರದ ಪುಟದಲ್ಲಿ ಇರುವುದು ಲೈಕ್ ಗುಂಡಿ. ಎಷ್ಟು ಸಲ ಒತ್ತಿದರೂ ದಂಡೆಯಲ್ಲಿ ಯಾವ ಬಾಗಿಲೂ ತೆರೆಯುವುದಿಲ್ಲ.

ಮೊನ್ನೆ ಬೆಳಿಗ್ಗೆ ಮಾತ್ರ ಒಂದು ಘಟನೆ ನಡೆಯಿತು. ಪರದೆ ಅಲುಗಾಡಿತು. ಕೆಳಗಿನಿಂದ ಏಣಿಯ ತುದಿ ಕಾಣಿಸಿತು, ಆಮೇಲೆ ಒಂದು ಟೋಪಿ, ಆಮೇಲೆ ಒದ್ದೆ ಬಟ್ಟೆ. ಬಟ್ಟೆ ಎರಡು ಸುತ್ತು ತಿರುಗಿತು. ಬಲೆ ಹೋಯಿತು, ಜೇಡ ಹೋಯಿತು. ಬಟ್ಟೆ ಸರಿದಾಗ ಪರದೆಯ ತುಂಬ ಒಂದು ಮುಖ. ನರೆತ ಹುಬ್ಬು, ಒಂದು ಕಣ್ಣು ಕಿರಿದು ಮಾಡಿ ಮಸೂರದೊಳಗೆ ಇಣುಕುವ ಭಂಗಿ, ಅಂಗಡಿಯ ಕದ ಮುಚ್ಚಿದ್ದರೂ ಒಳಗೆ ಯಾರಾದರೂ ಇದ್ದಾರೆಯೇ ಎಂದು ನೋಡುವವರ ಹಾಗೆ. ಇಷ್ಟು ತಿಂಗಳಲ್ಲಿ ನಾನು ಕಂಡ ಮೊದಲ ಊರಿನವರು. ನನಗರಿವಿಲ್ಲದೆ ನೆಟ್ಟಗೆ ಕುಳಿತು ಕೈ ಎತ್ತಿದೆ.

ಲೆಕ್ಕದ ಪ್ರಕಾರ ಅಷ್ಟು ಹೊತ್ತಿಗೆ ಅವರು ಏಣಿ ಇಳಿದು, ಅದನ್ನು ಹೆಗಲಿಗೇರಿಸಿಕೊಂಡು, ಕ್ಯಾಮೆರಾದ ಬೆನ್ನ ಹಿಂದಕ್ಕೆ ಹೋಗಿಯಾಗಿತ್ತು.